ದಂಟಿಲ್ಲದ ಟೊಪ್ಪಿಗಳು

ಅಕ್ಟೋಬರ್ 6, ಸೋಮವಾರ

ಇವತ್ತು ಬುಟ್ಟಿಗಳ ಸಾಲು ಮ್ಯೂಸಿಯಮ್ಮಿನ ಬಾಗಿಲು ದಾಟಿ ಮೆಟ್ಟಿಲಿಗೆ ಇಳಿದಿತ್ತು. ಶನಿವಾರ ಮಳೆ, ಭಾನುವಾರ ಬಿಸಿಲು, ಸೋಮವಾರ ಊರಿಗೆ ಊರೇ ನನ್ನ ಮೇಜಿನ ಮುಂದೆ. ಅಣಬೆಯ ಕಾಲದಲ್ಲಿ ಸೋಮವಾರ ಸಂಜೆಯ ಮಟ್ಟಿಗೆ ಈ ಪಟ್ಟಣದಲ್ಲಿ ಪಾದ್ರಿಗಿಂತ ನನ್ನ ಮಾತಿಗೆ ಬೆಲೆ ಜಾಸ್ತಿ. ಆತ ಸಾವಿನ ನಂತರದ್ದಕ್ಕೆ ಭರವಸೆ ಕೊಡುತ್ತಾನೆ, ನಾನು ಊಟದ ನಂತರದ್ದಕ್ಕೆ.

ಕೆಲಸದಲ್ಲಿದ್ದಷ್ಟು ಕಾಲ ಸ್ಟೇಷನ್ ಮಾಸ್ಟರ್ ಆಗಿ ರೈಲಿಗೆ ಹಸಿರು ತೋರಿಸಿದೆ, ಈಗ ಅಣಬೆಗೆ ತೋರಿಸುತ್ತೇನೆ. ಇದು ತಿನ್ನಬಹುದು, ಮನೆಗೆ ಒಯ್ಯಿರಿ. ಇದು ತಿನ್ನಬಾರದು, ಇಲ್ಲೇ ಬಿಡಿ. ಮೇಜಿನ ಹಿಂದಿನ ಗೋಡೆಗೆ ನಾನೇ ಕಟ್ಟಿ ನಾನೇ ಬರೆದ ಹಲಗೆ ಇದೆ:

*ದಂಟಿದ್ದರೆ ಬುಟ್ಟಿ,*
*ಬರಿ ಟೊಪ್ಪಿಯಾದರೆ ತೊಟ್ಟಿ.*

ಶಾಲೆಯ ಮಕ್ಕಳಿಗೂ ಇದು ಬಾಯಿಪಾಠ. ಸತ್ತ ಮರದ ಮೇಲೆ ಗುಂಪುಗುಂಪಾಗಿ ಏಳುವ ಪುಟ್ಟ ಕಂದು ಅಣಬೆಗಳಿಗಾಗಿಯೇ ಬರೆದದ್ದು. ಅವುಗಳಲ್ಲಿ ಓಪ್ಯೆಂಕಾ ಎನ್ನುವುದು ಸೂಪಿಗೆ ರಾಣಿ. ಅದರ ಪಕ್ಕದಲ್ಲೇ, ಅದೇ ಬಣ್ಣದ ಟೊಪ್ಪಿ ಹಾಕಿಕೊಂಡು ಚೆಪಿಚಾತ್ಕಾ ನಿಂತಿರುತ್ತದೆ. ಅದು ತಿಂದವರ ಲಿವರನ್ನೇ ತಿನ್ನುವಂಥದು. ಮೇಲಿನಿಂದ ನೋಡಿದರೆ ಅವಳಿಜವಳಿ. ಗುಟ್ಟು ಇರುವುದು ದಂಟಿನಲ್ಲಿ. ದಂಟಿನ ಸುತ್ತ ಇರುವ ಬಳೆಯ ಕೆಳಗೆ ಕಂದು ಹುರುಪೆ ಇದ್ದರೆ ಓಪ್ಯೆಂಕಾ, ನುಣ್ಣಗೆ ಬೆಳ್ಳಿಯ ಎಳೆ ಇದ್ದರೆ ಚೆಪಿಚಾತ್ಕಾ. ಆದರೆ ಓಪ್ಯೆಂಕಾದ ದಂಟು ಬರೀ ನಾರು, ಅಗಿಯಲಾಗದು. ಹಾಗಾಗಿ ನಮ್ಮ ಜನ ಟೊಪ್ಪಿ ಮಾತ್ರ ಕತ್ತರಿಸಿಕೊಂಡು ದಂಟನ್ನು ಕಾಡಿನಲ್ಲೇ ಬಿಟ್ಟು ಬರುತ್ತಾರೆ. ಹೆಸರು ಮನೆಯಲ್ಲಿಟ್ಟು ಬರೀ ಮುಖ ಹೊತ್ತುಕೊಂಡು ಬಂದ ಹಾಗೆ.

ಹೆದ್ವಿಕಾ ಸ್ಮೊಲಿಕೊವಾ ಬಂದಿದ್ದರು. ಚೌಕದ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವವರು, ಗಂಡ ಇಲ್ಲ. ನನ್ನ ಕೋಟಿನ ಒಳಪದರ ಎರಡು ಸಲ ಅವರ ಕೈಯಲ್ಲಿ ಮರುಜನ್ಮ ಪಡೆದಿದೆ. ಬಿಳಿ ಬಟ್ಟಲಿನಲ್ಲಿ ಟೊಪ್ಪಿಗಳನ್ನು ತಂದಿದ್ದರು. ಕತ್ತರಿಯಲ್ಲಿ ಕತ್ತರಿಸಿ, ತೊಳೆದು, ದೊಡ್ಡದು ಚಿಕ್ಕದು ಬೇರೆ ಮಾಡಿ, ಗುಂಡಿ ಜೋಡಿಸಿದ ಹಾಗೆ. ದಂಟು ಒಂದೂ ಇಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳುವ ಮೊದಲೇ ಬಗ್ಗಿ ಕಿವಿಯಲ್ಲಿ ಜಾಗ ಹೇಳಿದರು: ಮೂರು ಶಿಲುಬೆ ದಾಟಿದ ಮೇಲೆ ಬಿದ್ದಿರುವ ಬೀಚ್ ಮರ. ಸಾಯುವಾಗಲೂ ಅಣಬೆಯ ಜಾಗ ಬಾಯಿ ಬಿಡದ ಊರು ಇದು. ನನಗೆ ಹೇಳಿದರು.

ಮ್ಯೂಸಿಯಮ್ಮಿನ ಮುಖ್ಯಸ್ಥೆ ಲೆಯೋನಾ ಅದೇ ಹೊತ್ತಿಗೆ ಪಟ್ಟಣದ ಪತ್ರಿಕೆಗೆಂದು ಫೋಟೋ ತೆಗೆಯುತ್ತಿದ್ದಳು. ಹೆದ್ವಿಕಾ ನನ್ನತ್ತ ಕೈ ಮಾಡಿ, ಹಿಂದೆ ತಿರುಗಿ ಸಾಲಿಗೆಲ್ಲ ಕೇಳುವ ಹಾಗೆ, "ಹ್ರುಬೆಶ್ ಅವ್ರಿಗೆ ದಂಟು ಗಿಂಟು ಬೇಕಿಲ್ಲ, ಒಂದು ಸಲ ನೋಡಿದ್ರೆ ಸಾಕು" ಅಂದರು.

ನೋಡಿದೆ. ನಡುವೆ ಜೇನಿನ ಬಣ್ಣ, ಅಂಚಿಗೆ ಒದ್ದೆ ಕಂದು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ, ಕ್ಯಾಮೆರಾಗೂ ಸ್ವಲ್ಪ ಹಿಡಿದೆ. ಓಪ್ಯೆಂಕಾ, ಧಾರಾಳವಾಗಿ ಸೂಪ್ ಮಾಡಿ ಅಂದೆ. ಸ್ವಲ್ಪ ಸೂಪಿಗೆ, ಉಳಿದದ್ದು ಒಣಗಿಸಿ ಕ್ರಿಸ್‌ಮಸ್‌ಗೆ, ಒಲೊಮೊತ್ಸ್‌ನಿಂದ ಮಗಳು ಮೊಮ್ಮಕ್ಕಳು ಬರುತ್ತಾರೆ ಅಂದರು.

ಒಳ್ಳೆಯ ದಿನ. ಫೋಟೋ ತೆಗೆಯುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುವುದನ್ನು ಮರೆಯಲಿಲ್ಲ.

ಅಕ್ಟೋಬರ್ 8, ಬುಧವಾರ

ಬೆಳಿಗ್ಗೆ ಗಡ್ಡ ಹೆರೆಯುವಾಗ ನನ್ನದೇ ಹಲಗೆಯ ಪ್ರಾಸ ಬಾಯಿಗೆ ಬಂತು. ಎರಡನೇ ಸಾಲಿಗೆ ಕೈ ನಿಂತಿತು.

ಸುಮ್ಮನೆ ಅಡ್ಡಾಡಲು ಹೋಗುತ್ತಿದ್ದೇನೆ ಎಂದು ನನಗೇ ಹೇಳಿಕೊಂಡು ಮೂರು ಶಿಲುಬೆಯ ದಾರಿ ಹಿಡಿದೆ. ಬೀಚ್ ಮರ ಅವರು ಹೇಳಿದ ಕಡೆಯೇ ಪಾಚಿ ಹೊದ್ದು ಮಲಗಿತ್ತು. ಟೊಪ್ಪಿ ಹೋದ ದಂಟುಗಳು ಕೊರಡಿನ ಮೈತುಂಬ ನಿಂತಿದ್ದವು, ಎಲ್ಲವೂ ಒಂದೇ ಎತ್ತರಕ್ಕೆ. ದರ್ಜಿಯ ಕೈ ಅಂದರೆ ದರ್ಜಿಯ ಕೈ. ಮಂಡಿಯೂರಿ ಭೂತಗನ್ನಡಿ ಹಿಡಿದೆ. ಹುರುಪೆ, ಹುರುಪೆ, ಹುರುಪೆ. ಶಿಳ್ಳೆ ಹಾಕುವಷ್ಟು ಖುಷಿಯಾಯಿತು. ಬೇರಿನ ತುದಿಗೆ ಬಂದಾಗ ಒಂದು ಗೊಂಚಲು ನುಣ್ಣಗಿತ್ತು. ಬೆಳ್ಳಿಯ ಎಳೆ ಇದ್ದ ಹಾಗೂ ಕಂಡಿತು, ಇಲ್ಲದ ಹಾಗೂ ಕಂಡಿತು. ಮಳೆಗೆ ಹುರುಪೆ ಉದುರುವುದು ಉಂಟು, ಪುಸ್ತಕದಲ್ಲೂ ಹಾಗೆ ಇದೆ. ಪಕ್ಕದ ಗೊಂಚಲಿನದು ಯಾಕೆ ಉದುರಲಿಲ್ಲ ಎನ್ನುವುದು ಪುಸ್ತಕದಲ್ಲಿ ಇಲ್ಲ.

ಅಲ್ಲಿಂದ ಓಡಿದೆ. ಅರವತ್ತೆರಡರ ಓಟ; ನೋಡಿದವರು ಬಸ್ಸು ತಪ್ಪಿತೇನೋ ಅಂದುಕೊಂಡಿರಬೇಕು. ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತಾ ಹೋದೆ: ಹೆದ್ವಿಕಾ ಅವರೇ, ನನ್ನಿಂದ ತಪ್ಪಾಯಿತು, ಅವನ್ನು ತಿನ್ನಬೇಡಿ. ಸಣ್ಣ ವಾಕ್ಯ. ಪ್ರಾಸವೂ ಬೇಕಿಲ್ಲ.

ಬಾಗಿಲು ತೆಗೆದವರ ಕೆನ್ನೆ ಒಲೆಯ ಶಾಖಕ್ಕೆ ಕೆಂಪಾಗಿತ್ತು. ನಿನ್ನೆ ಮಧ್ಯಾಹ್ನವೇ ಸೂಪ್ ಮಾಡಿ ತಿಂದರಂತೆ, ನನಗೆಂದು ಒಂದಿಷ್ಟು ಎತ್ತಿಟ್ಟಿದ್ದಾರಂತೆ. ಈ ವಿಷ ಮೊದಮೊದಲು ಸದ್ದಿಲ್ಲದೆ ಕೂತಿರುತ್ತದೆ, ಆದರೆ ಆ ಮೌನಕ್ಕೂ ಒಂದು ಮಿತಿ ಇದೆ. ಅವರು ಆ ಮಿತಿ ದಾಟಿ ನಿಂತು, ಕಾಲುಚೀಲ ಕಚ್ಚಿಕೊಂಡು ಓಡುತ್ತಿದ್ದ ನಾಯಿ ಬ್ರೋಕ್‌ಗೆ ಬೈಯುತ್ತಿದ್ದರು. ಅಂದರೆ ಆ ಪಾತ್ರೆಯಲ್ಲಿದ್ದದ್ದು ಒಳ್ಳೆಯದೇ.

ವಾಕ್ಯ ಗಂಟಲಿನಿಂದ ಕೆಳಗೆ ಇಳಿಯಿತು. ಅದರ ಮೇಲೆ ಸೂಪ್ ಇಳಿಯಿತು. ಎರಡು ಬಟ್ಟಲು. ಜೀರಿಗೆ ಹೆಚ್ಚಾಯಿತಾ ಎಂದು ಕೇಳಿದರು. ಇಲ್ಲ ಇಲ್ಲ, ಹದವಾಗಿದೆ ಅಂದೆ.

ಒಲೆಯ ಮೇಲಿನ ಹಲಗೆಯಲ್ಲಿ ಕಾಗದ ಹಾಸಿ ಉಳಿದ ಟೊಪ್ಪಿಗಳನ್ನು ಹರವಿದ್ದರು. ಒಂದು ಪಾತ್ರೆ ಒಳ್ಳೆಯದಾಯಿತೆಂದು ಹಲಗೆಯ ಮೇಲಿನದೂ ಒಳ್ಳೆಯದೆಂದಲ್ಲ, ಟೊಪ್ಪಿಗೊಂದು ಲಾಟರಿ. ಅವು ಕ್ರಿಸ್‌ಮಸ್‌ಗೇ ತಾನೆ ಎಂದು ಕೇಳಿದೆ. ಅಲ್ಲಿಯವರೆಗೆ ಒಂದನ್ನೂ ಮುಟ್ಟಲ್ಲ ಅಂದರು. ಹಾಗಾದರೆ ಸಮಯವಿದೆ ಅಂದುಕೊಂಡೆ. ಹಾಗೆ ಅಂದುಕೊಂಡದ್ದು ನಾನೇ, ಬೇರೆ ಯಾರೂ ಅಲ್ಲ.

ಅಕ್ಟೋಬರ್ 9, ಗುರುವಾರ

ಹೊಟ್ಟೆ ಗಟ್ಟಿಯಾಗಿದೆ. ಸಡಿಲವಾಗಿರುವುದು ಬೇರೇನೋ.

ಅಕ್ಟೋಬರ್ 20, ಸೋಮವಾರ

ಮಾಂಸದಂಗಡಿಯ ಹಾನಾಕ್ ಬಕೆಟ್ಟಿನ ತುಂಬ ಬರೀ ಟೊಪ್ಪಿ ತಂದಿದ್ದ. ಬೆರಳೆತ್ತಿ ಹಲಗೆ ತೋರಿಸಿದೆ. ಅವನು ಬಕೆಟ್ಟನ್ನು ಮೇಜಿನಿಂದ ತೆಗೆಯಲಿಲ್ಲ.

"ಸ್ಮೊಲಿಕೊವಾ ತಂದಾಗ ನೋಡಿ ಹೇಳಿದ್ರಂತಲ್ಲ. ಅವರ ಕತ್ತರಿಗೊಂದು ನ್ಯಾಯ, ನನ್ನ ಚೂರಿಗೊಂದು ನ್ಯಾಯನಾ ಮಾಸ್ಟ್ರೇ?"

ಸಾಲಿನಲ್ಲಿ ನಗು. ಅವು ಬೇರೆ, ಅನುಭವ ಇದ್ದವರಿಗೆ ಗೊತ್ತಾಗುತ್ತದೆ ಅಂದೆ. ಆಮೇಲೆ ನಾಲ್ಕು ಜನರಿಗೆ ಕೇಳುವ ಹಾಗೆ ದಂಟಿನ ಮಹತ್ವದ ಮೇಲೆ ಭಾಷಣ ಕೊಟ್ಟೆ. ಹುರುಪೆ, ಬೆಳ್ಳಿ ಎಳೆ, ಲಿವರ್, ಮೊದಲ ದಿನದ ಮೌನ, ಎಲ್ಲ. ದನಿ ಎಲ್ಲೂ ನಡುಗಲಿಲ್ಲ. ಬಕೆಟ್ಟನ್ನು ನಾನೇ ತೊಟ್ಟಿಗೆ ಸುರಿದೆ.

ಮನೆಗೆ ಬಂದು ಕನ್ನಡಿಯ ಎದುರು ಒಂದು ಪ್ರಾಸ ಹೊಳೆಯಿತು. ನಾಲಿಗೆಗೆ ಪ್ರಾಸ, ನಡತೆಗೆ ಹ್ರಾಸ. ಚೆನ್ನಾಗಿದೆ. ಅದಕ್ಕೊಂದು ಹಲಗೆ ಮಾಡಿಸಬೇಕು, ಬಚ್ಚಲಿಗೆ.

ನವೆಂಬರ್ 2, ಭಾನುವಾರ

ಸತ್ತವರ ದಿನ. ಸ್ಮಶಾನವೆಲ್ಲ ಮೇಣದ ದೀಪ. ಅಮ್ಮನ ಸಮಾಧಿಯ ಎಲೆ ಗುಡಿಸುತ್ತಿದ್ದೆ, ಹೆದ್ವಿಕಾ ತಮ್ಮ ಗಂಡನ ಸಮಾಧಿಯ ಕಡೆಯಿಂದ ನಡೆದು ಬಂದರು. ಕೈಯಲ್ಲಿ ಕಾಗದದ ಚೀಲ. ಒಣಗಿಸಿದ್ದರಲ್ಲಿ ಅರ್ಧ ನಿಮಗೆ ಅಂದರು.

"ಒಬ್ರೇ ಇರ್ತೀರಿ. ಕ್ರಿಸ್‌ಮಸ್ ಸಂಜೆ ಕೂಬಾನಾದ್ರೂ ಮಾಡ್ಕೊಂಡು ಬಿಸಿಬಿಸಿ ತಿನ್ನಿ."

ಬಾರ್ಲಿ, ಬೆಳ್ಳುಳ್ಳಿ, ಒಣ ಅಣಬೆ. ಕೂಬಾ ಇಲ್ಲದೆ ನಮ್ಮಲ್ಲಿ ಆ ಸಂಜೆ ಸಂಜೆಯೇ ಅಲ್ಲ. ಅಂದರೆ ಅವರ ಮೊಮ್ಮಕ್ಕಳ ತಟ್ಟೆಗೂ ಇದೇ ಬೀಳುತ್ತದೆ. ಅಷ್ಟು ಸಮಾಧಿಗಳ ನಡುವೆ ನಿಂತು ಆ ಚೀಲ ತೆಗೆದುಕೊಂಡೆ. ಥ್ಯಾಂಕ್ಸ್ ಅಂದೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ, ಸುತ್ತ ಇದ್ದವರೆಲ್ಲ ಗುಟ್ಟು ಕಾಪಾಡುವವರೇ. ಹೇಳಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನುಮಾನ ಬಗೆಹರಿಯುತ್ತದೆ. ಓಪ್ಯೆಂಕಾದ ಬೀಜಕಣ ನುಣುಪು, ಚೆಪಿಚಾತ್ಕಾದ್ದು ಒರಟು. ಹೆಂಡತಿ ಬಿಟ್ಟು ಹೋಗುವಾಗ ಕಾರು ಒಯ್ದಳು, ಸೂಕ್ಷ್ಮದರ್ಶಕ ಬಿಟ್ಟಳು. ಅದು ಅಟ್ಟದ ಮೇಲಿದೆ, ಗಾಜಿನ ಪಟ್ಟಿ ಒಡೆದಿದೆ, ನನ್ನ ಸೊಂಟ ಹಿಡಿದಿದೆ. ಕಾರಣಗಳಿಗೆ ಈ ವಾರ ಬರವಿಲ್ಲ.

ನವೆಂಬರ್ 8, ಶನಿವಾರ

ಬೆಳಿಗ್ಗೆ ಅಟ್ಟ ಹತ್ತಿದೆ. ಕಿಟಕಿಯ ಪಕ್ಕ ಮೇಜು ಎಳೆದುಕೊಂಡು, ಟೊಪ್ಪಿಯ ಒಳಗಿನ ಪದರದಿಂದ ಒಂದೊಂದು ಚೂರು ಕಿತ್ತು ನೀರಿನ ಹನಿಯಲ್ಲಿಟ್ಟು ನೋಡುತ್ತಾ ಹೋದೆ. ನುಣುಪು. ನುಣುಪು. ಒಂದೊಂದು ನುಣುಪಿಗೂ ನನ್ನ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು. ಹಾನಾಕ್‌ಗೆ ಹೇಳಿದ್ದು ನಿಜವೇ ಇರಬಹುದು, ಅನುಭವ ಇದ್ದವರಿಗೆ ಗೊತ್ತಾಗುತ್ತದೆ ಎಂದು ಗುನುಗಿಕೊಂಡೂ ಇದ್ದೆ.

ಚೀಲದ ತಳದಲ್ಲಿದ್ದ ಒಂದು ಚಿಕ್ಕ ಟೊಪ್ಪಿ ಒರಟು.

ಗಾಜು ಒರೆಸಿ ಮತ್ತೆ ನೋಡಿದೆ. ಒರಟೇ.

ಒಂದು ಟೊಪ್ಪಿಯಿಂದ ದೊಡ್ಡವರು ಬದುಕಿಕೊಂಡಾರು. ಮಕ್ಕಳ ವಿಷಯ ಬೇರೆ. ಅವರ ಪಾಲಿನ ಅರ್ಧದಲ್ಲಿ ಎಷ್ಟಿವೆಯೋ ಯಾರಿಗೆ ಗೊತ್ತು. ಟೋಪಿಯನ್ನೂ ಹಾಕಿಕೊಳ್ಳದೆ ಹೊರಟೆ. ಹೊರಡುವಾಗ ನನ್ನ ಅಲಮಾರಿನಿಂದ ಹ್ರೀಬ್ ಅಣಬೆಯ ದೊಡ್ಡ ಜಾಡಿ ಎತ್ತಿಕೊಂಡೆ, ಈ ವರ್ಷ ಒಣಗಿಸಿದ್ದರಲ್ಲೇ ಉತ್ತಮವಾದದ್ದು. ದಪ್ಪ ಹ್ರೀಬ್ ಅನ್ನು ನಮ್ಮಲ್ಲಿ ತೊಟ್ಟಿಲ ಮಗುವೂ ತಪ್ಪದೆ ಗುರುತಿಸುತ್ತದೆ. ಜಾಡಿ ಯಾಕೆ ಎತ್ತಿಕೊಂಡೆ ಎಂದು ಆಗ ಯೋಚಿಸಲಿಲ್ಲ. ಕೈಗೆ ಗೊತ್ತಿತ್ತು, ಬಾಯಿ ಏನು ಹೇಳಲಿದೆ ಎಂದು ಕೈ ಮೊದಲೇ ಊಹಿಸಿತ್ತು.

ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟು: ಈ ವರ್ಷ ಒಣ ಓಪ್ಯೆಂಕಾಗೆ ಹುಳ ಬಿದ್ದಿದೆ, ಕಣ್ಣಿಗೆ ಕಾಣದ ಹುಳ, ನಿಮ್ಮದೆಲ್ಲ ನನಗೆ ಕೊಡಿ, ಬದಲಿಗೆ ಇದು ಇಟ್ಟುಕೊಳ್ಳಿ. ಹೆದ್ವಿಕಾ ಬೇಡವೆಂದರು. ನಿಮ್ಮ ಜಾಡಿ ಖಾಲಿ ಮಾಡಿ ನಾನು ತುಂಬಿಕೊಳ್ಳೋದಾ ಎಂದು ನೊಂದುಕೊಂಡರು. ಒತ್ತಾಯ ಮಾಡಿದೆ. ತಮ್ಮದನ್ನೆಲ್ಲ ತಂದು ಕೊಟ್ಟರು, ಜೊತೆಗೆ ಪ್ಲಮ್ ಹಣ್ಣಿನ ಕೇಕು.

ಎಲ್ಲವನ್ನೂ ಒಲೆಗೆ ಹಾಕಿದೆ. ಮನೆಯೆಲ್ಲ ಸೂಪಿನ ಘಮ. ಇನ್ನು ಯಾರಿಗೂ ಏನೂ ಆಗುವುದಿಲ್ಲ. ಕೇಕು ತಿನ್ನಲಾಗಲಿಲ್ಲ.

ನವೆಂಬರ್ 24, ಸೋಮವಾರ

ಪಟ್ಟಣದ ಪತ್ರಿಕೆ ಬಂತು. ಮೂರನೇ ಪುಟದಲ್ಲಿ ನಾನು, ಹೊಟ್ಟೆ ಒಳಗೆ, ಬೆರಳ ತುದಿಯಲ್ಲಿ ದಂಟಿಲ್ಲದ ಟೊಪ್ಪಿ. ತಲೆಯ ಮೇಲೆ ಹಲಗೆ, ಅಕ್ಷರ ಅಕ್ಷರವೂ ಸ್ಪಷ್ಟ: ಬರಿ ಟೊಪ್ಪಿಯಾದರೆ ತೊಟ್ಟಿ. ಕೆಳಗೆ ಲೆಯೋನಾ ಬರೆದದ್ದು, 'ಊರು ನಂಬುವ ಕಣ್ಣು'. ಊರಿಗೆಲ್ಲ ಓದು ಬರುತ್ತದೆ. ಒಬ್ಬರೂ ಎರಡನ್ನೂ ಸೇರಿಸಿ ಓದಲಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ ಫೋಟೋ ಚೆನ್ನಾಗಿ ಬಂದಿದೆ ಅಂದರು, ಸಣ್ಣಗಾಗಿದ್ದೀರಿ ಅಂದರು.

ಪ್ಯಾಂಟಿನ ಅಂಚು ಬಿಚ್ಚಿತ್ತು. ಬೇರೆ ದರ್ಜಿ ಈ ಊರಿನಲ್ಲಿ ಇಲ್ಲ. ಹೆದ್ವಿಕಾ ಆ ಪುಟ ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ. ಗಿರಾಕಿಗಳಿಗೆಲ್ಲ ಹ್ರೀಬ್ ಜಾಡಿಯ ಕಥೆ ಹೇಳುತ್ತಾರಂತೆ: ಕಣ್ಣಿಗೆ ಕಾಣದ ಹುಳಕ್ಕೂ ಹೆದರಿ ಮನೆ ಬಾಗಿಲಿಗೆ ಬಂದರು, ಇಂಥವರು ಎಲ್ಲಿ ಸಿಗುತ್ತಾರೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ನನ್ನ ಪಾದದ ಹತ್ತಿರ ಕೂತು ಅಂಚು ಮಡಿಸುತ್ತಾ ಇದನ್ನೆಲ್ಲ ಹೇಳಿದರು. ಯಾರಾದರೂ ಪಾದದ ಹತ್ತಿರ ಕೂರಬೇಕಿದ್ದರೆ ಅದು ನಾನು.

ಆಮೇಲೆ ಅಂದರು: ಮೇ ತಿಂಗಳಲ್ಲಿ ಅಣಬೆ ಮತ್ತೆ ಎದ್ದಾಗ ಮಗಳನ್ನೂ ಆ ಕೊರಡಿಗೆ ಕರೆದುಕೊಂಡು ಹೋಗುತ್ತೇನೆ. ನೀವೇ ಒಪ್ಪಿದ ಜಾಗ, ಇನ್ನು ಪ್ರತಿ ಸಲ ನಿಮಗೆ ತೊಂದರೆ ಕೊಡುವುದಿಲ್ಲ.

ಜಾಡಿ ಬದಲಾಯಿಸಿ ಎಲ್ಲ ಮುಗಿಸಿದೆ ಅಂದುಕೊಂಡಿದ್ದೆ.

ಡಿಸೆಂಬರ್ 6, ಶನಿವಾರ

ಊರಿನ ಮಕ್ಕಳೆಲ್ಲ ಸಂತ ನಿಕೊಲಾಸ್ ಇಟ್ಟು ಹೋದ ಮಿಠಾಯಿ ತಿನ್ನುತ್ತಿದ್ದಾಗ ನಾನು ಬೆನ್ನಿನ ಚೀಲದಲ್ಲಿ ಗರಗಸ ಹಾಕಿಕೊಂಡು ಕಾಡಿಗೆ ಹೋದೆ. ಯೋಚನೆ ಸರಳವಾಗಿತ್ತು. ಕೊರಡಿಲ್ಲದಿದ್ದರೆ ಅಣಬೆಯಿಲ್ಲ, ಅಣಬೆಯಿಲ್ಲದಿದ್ದರೆ ಆ ವಾಕ್ಯ ಬೇಕಿಲ್ಲ. ಒಂದು ವಾಕ್ಯ ಹೇಳುವುದಕ್ಕಿಂತ ಒಂದು ಮರ ಕುಯ್ಯುವುದು ಹಗುರ ಎಂದು ಒಬ್ಬ ಮುದುಕನಿಗೆ ಅನ್ನಿಸಿತು.

ಕೊಳೆತ ಬೀಚ್ ಮರ ಹೊರಗೆ ಬೆಣ್ಣೆ, ಒಳಗೆ ಕಬ್ಬಿಣ. ಅರ್ಧ ಕುಯ್ಯುವಷ್ಟರಲ್ಲಿ ಅಂಗಿ ಒದ್ದೆ. ಬಗ್ಗಿದ್ದವನ ಮೊಣಕಾಲನ್ನು ಯಾರೋ ಮೂಸಿದರು. ಬ್ರೋಕ್. ಅದರ ಹಿಂದೆ, ಕ್ರಿಸ್‌ಮಸ್‌ಗೆಂದು ಸ್ಪ್ರೂಸ್ ಕೊಂಬೆ ಕಡಿದುಕೊಂಡು, ಹೆದ್ವಿಕಾ.

"ಹ್ರುಬೆಶ್ ಅವ್ರೇ, ಅದು ನನ್ನ ಕೊರಡಲ್ವಾ?"

ಸೌದೆಗೆ ಅಂದೆ. ಕೊಳೆತದ್ದನ್ನು ಯಾರು ಉರಿಸುತ್ತಾರೆ ಅಂದರು. ಮ್ಯೂಸಿಯಮ್ಮಿಗೆ ಒಂದು ತುಂಡು ಬೇಕಿತ್ತು ಅಂದೆ. ಅವರು ಕೊಂಬೆಗಳನ್ನು ಕೆಳಗಿಟ್ಟು ಸುಮ್ಮನೆ ನಿಂತರು. ಅಳತೆ ತೆಗೆಯುವಾಗಲೂ ಹೀಗೇ ನಿಲ್ಲುತ್ತಾರೆ, ಗಿರಾಕಿ ಒಳಗೆಳೆದ ಹೊಟ್ಟೆಯನ್ನು ತಾನಾಗಿ ಬಿಡುವವರೆಗೆ.

ಬಿಟ್ಟೆ. ಫೋಟೋ, ದಂಟು, ಬೆಳ್ಳಿ ಎಳೆ, ಒರಟು ಬೀಜಕಣ, ಇಲ್ಲದ ಹುಳ. ಕಟ್ಟಿಟ್ಟಿದ್ದ ವಾಕ್ಯ ಬರಲೇ ಇಲ್ಲ, ಚೂರುಚೂರಾಗಿ ಹಿಂದುಮುಂದಾಗಿ ಬಂತು. ಗರಗಸ ಕೊರಡಿನಲ್ಲೇ ಸಿಕ್ಕಿಕೊಂಡಿತ್ತು, ಅದರ ಹಿಡಿಯನ್ನು ನೋಡುತ್ತಾ ಹೇಳಿದೆ.

"ಯಾವತ್ತಿನಿಂದ ಗೊತ್ತು?"

"ಅನುಮಾನ ಸೂಪಿನ ದಿನದಿಂದ. ಖಾತ್ರಿಯಾಗಿದ್ದು ಜಾಡಿ ತಂದ ದಿನ."

"ನನ್ನ ಅಡುಗೆಮನೇಲಿ ಕೂತು ಎರಡು ಬಟ್ಟಲು ತಿಂದ್ರಿ."

ಅವರು ತಿಂದು ಒಂದು ದಿನ ಕಳೆದಿತ್ತು, ಆ ಸೂಪಿನಲ್ಲಿ ತೊಂದರೆ ಇರಲಿಲ್ಲ ಎಂದು ಲೆಕ್ಕ ಹೇಳಲು ಹೋದೆ.

"ಲೆಕ್ಕ ನಿಮಗೆ ಗೊತ್ತಿತ್ತು. ತಿಂದಿದ್ದು ನಾನು." ಅವರ ದನಿ ಏರಲಿಲ್ಲ. "ಮೊಮ್ಮಕ್ಕಳು ಬರ್ತಾರೆ ಅಂತ ಮೊದಲ ದಿನವೇ ಹೇಳಿದ್ದೆ."

ನಾನು ಹೌದೆಂದೆ. ಅವರು ಕೊಂಬೆಗಳನ್ನು ಎತ್ತಿಕೊಂಡು ಸ್ವಲ್ಪ ದೂರ ಹೋಗಿ ನಿಂತರು.

"ಜೀರಿಗೆ ಹೆಚ್ಚಾಯ್ತಾ ಅಂತ ಕೇಳಿದ್ದೆ. ಹದವಾಗಿದೆ ಅಂದ್ರಿ. ಅದಾದ್ರೂ ನಿಜವಾ?"

"ಸ್ವಲ್ಪ ಹೆಚ್ಚಾಗಿತ್ತು."

ತಲೆಯಾಡಿಸಿ ಹೋದರು. ನಾಯಿ ಮಾತ್ರ ಎರಡು ಸಲ ತಿರುಗಿ ನೋಡಿತು.

ಡಿಸೆಂಬರ್ 7, ಭಾನುವಾರ

ಕಾಲು ಜಾರಿದ್ದು ಪಾಚಿಗೆ, ತಲೆ ತಗ್ಗಿದ್ದು ನಾಚಿಕೆಗೆ. ಪ್ರಾಸ ಕೂತಿದೆ. ನಾನು ಜಾರಲಿಲ್ಲ, ಕಣ್ಣು ಬಿಟ್ಟುಕೊಂಡೇ ನಡೆದು ಹೋದೆ. ಆ ಸಾಲನ್ನು ಹೊಡೆದು ಹಾಕಿದೆ.

ಡಿಸೆಂಬರ್ 14, ಭಾನುವಾರ

ಬಾಗಿಲ ಹೊರಗೆ ಹ್ರೀಬ್ ಜಾಡಿ. ಮುಚ್ಚಳವನ್ನೂ ತೆರೆದಿಲ್ಲ. ಚೀಟಿಯಿಲ್ಲ, ಏನೂ ಇಲ್ಲ.

ತೊಟ್ಟಿಲ ಮಗುವೂ ತಪ್ಪದ ಅಣಬೆ. ನನ್ನ ಕೈಯಿಂದ ಬಂದದ್ದಕ್ಕೆ ಅದೂ ಬೇಡ.

ಅವರ ಅಂಗಡಿಯ ಮುಂದೆ ಹಾದು ಬಂದೆ. ಗೋಡೆಯಲ್ಲಿ ಪತ್ರಿಕೆಯ ಪುಟ ಇಲ್ಲ. ಅಂಟಿನ ನಾಲ್ಕು ಗುರುತು ಇವೆ.

ಡಿಸೆಂಬರ್ 24, ಬುಧವಾರ

ಕೂಬಾ ಮಾಡಿದೆ, ಆ ಜಾಡಿಯದೇ. ಒಬ್ಬನೇ ತಿಂದೆ. ಬೆಳ್ಳುಳ್ಳಿ ಕರಗಿತು, ಬಾರ್ಲಿ ಬೇಯಲಿಲ್ಲ. ಚೌಕದ ಕಡೆಯಿಂದ ಮಕ್ಕಳ ಹಾಡು ಕೇಳಿಸುತ್ತಿತ್ತು. ಅದರಲ್ಲಿ ಒಲೊಮೊತ್ಸ್‌ನ ಮಕ್ಕಳ ದನಿಯೂ ಇದ್ದಿರಬೇಕು. ಕಿಟಕಿ ತೆರೆದೇ ಇಟ್ಟೆ, ಚಳಿಯಾದರೂ.

ಫೆಬ್ರವರಿ 9, ಸೋಮವಾರ

ಮ್ಯೂಸಿಯಮ್ಮಿಗೆ ಹೋಗಿ ಲೆಯೋನಾಗೆ ಎಲ್ಲ ಹೇಳಿದೆ. ಮೇಜು ಬೇರೆಯವರಿಗೆ ಕೊಡು ಅಂದೆ. ಪುಕ್ಕಟೆ ಬರುವವರು ಇನ್ನು ಯಾರಿದ್ದಾರೆ ಹೇಳಿ, ಅಂದಳು. ಕ್ಷಮೆಯೋ ಬಜೆಟ್ಟೋ ಗೊತ್ತಾಗಲಿಲ್ಲ.

ಹಲಗೆ ಕೆಳಗಿಳಿಸಿದೆ. ಮೊಳೆ ಗೋಡೆಯಲ್ಲೇ ಇದೆ, ಕೋಟು ತೂಗುಹಾಕಲು ಆದೀತು.

ಬರುವ ದಾರಿಯಲ್ಲಿ ಹಾನಾಕ್‌ನ ಅಂಗಡಿಗೆ ಹೊಕ್ಕು ಅವನಿಗೂ ಹೇಳಿದೆ: ಅವು ಬೇರೆ ಅಂದಿದ್ದು ಸುಳ್ಳು, ಕತ್ತರಿಗೂ ಚೂರಿಗೂ ಒಂದೇ ನ್ಯಾಯ ಇರಬೇಕಿತ್ತು. ಅವನು ಚೂರಿ ಒರೆಸುತ್ತಾ ಕೇಳಿಸಿಕೊಂಡ. ಹಾಗಾದ್ರೆ ನನ್ನ ಬಕೆಟ್ ಸುರಿದಿದ್ದಕ್ಕೆ ನಾನೇ ನಿಮಗೆ ಸಾಸೇಜ್ ಕೊಡಬೇಕು ಅಂದ. ಕೊಡಲಿಲ್ಲ. ನಾಳೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಸಾಸೇಜ್ ದುಡ್ಡು ಕೊಟ್ಟು ತಂದೆ, ಚೆನ್ನಾಗಿತ್ತು.

ಮೇ 18, ಸೋಮವಾರ

ವಸಂತದ ಮೊದಲ ಮೇಜು. ಕಳೆದ ವರ್ಷದ ಸಾಲಿಲ್ಲ. ಹಾನಾಕ್ ಒಂದಿಷ್ಟು ತಂದಿದ್ದ, ಬೇರು ಮಣ್ಣು ಸಮೇತ. ಇನ್ನು ಮರವನ್ನೇ ತರ್ತೀನಿ ಮಾಸ್ಟ್ರೇ ಅಂದ. ಅವನದರಲ್ಲಿ ಒಂದು ಜಾತಿ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂದೆ. ಮುಂದಿನವರು ಬಂದರು. ಹೊರಗೆ ಸಣ್ಣ ಮಳೆ.

ಕೊನೆಗೆ ಹೆದ್ವಿಕಾ ಬಂದರು. ಬಟ್ಟಲಲ್ಲ, ಮರದ ತಟ್ಟೆ. ಅದರ ಮೇಲೆ ತೊಗಟೆಯ ಚಕ್ಕೆ, ಚಕ್ಕೆಯ ಮೇಲೆ ನಿಂತ ಹಾಗೆಯೇ ಅಣಬೆಗಳು, ದಂಟು, ಬಳೆ, ಪಾಚಿ ಎಲ್ಲ ಇತ್ತು.

"ನೀವು ಅರ್ಧ ಕುಯ್ದಿಟ್ಟ ಕೊರಡಿನವೇ."

ಅಷ್ಟೇ ಅಂದರು. ಮೊಳೆ ಮಾತ್ರ ಉಳಿದ ಗೋಡೆಯನ್ನು ಒಮ್ಮೆ ನೋಡಿದರು. ನಾನು ಒಂದೊಂದನ್ನೇ ತಿರುಗಿಸಿ ನೋಡಿದೆ. ಹುರುಪೆ ನೋಡಿದೆ, ಮೂಸಿದೆ, ಬೆಳಕಿಗೆ ಹಿಡಿದೆ. ಲೆಯೋನಾ ಬೀಗ ಹಾಕಲು ಬಂದು ನಿಂತಿದ್ದಳು, ಮತ್ತೆ ಒಳಗೆ ಹೋದಳು. ಇನ್ನೂ ಬೆಳೆಯದ ಎರಡು ಚಿಕ್ಕವು ಯಾವುವೆಂದು ನಿರ್ಧಾರವಾಗಲಿಲ್ಲ. ಇವೆರಡು ಏನೆಂದು ನನಗೆ ಗೊತ್ತಾಗುತ್ತಿಲ್ಲ ಅಂದೆ. ಅವನ್ನು ಅವರೇ ಎತ್ತಿ ತೊಟ್ಟಿಗೆ ಹಾಕಿದರು. ಉಳಿದವು ಓಪ್ಯೆಂಕಾ.

ತಟ್ಟೆಗೆ ಬಟ್ಟೆ ಮುಚ್ಚುತ್ತಾ, "ನಾಳೆ ಮಧ್ಯಾಹ್ನ ಸೂಪ್ ಮಾಡ್ತೀನಿ. ಬನ್ನಿ. ತಿನ್ನೋದು ನೀವು, ನೋಡೋದು ನಾನು" ಅಂದರು.

ಮೇ 19, ಮಂಗಳವಾರ

ಹೋದೆ. ಅದೇ ಅಡುಗೆಮನೆ, ಅದೇ ಕುರ್ಚಿ. ಒಂದೇ ಬಟ್ಟಲು, ಒಂದೇ ಚಮಚ. ಅವರು ಎದುರಿಗೆ ಕೈ ಕಟ್ಟಿಕೊಂಡು ಕೂತರು, ಬ್ರೋಕ್ ಅವರ ಪಾದದ ಮೇಲೆ ತಲೆಯಿಟ್ಟಿತ್ತು. ಪಾತ್ರೆಗೆ ಮುಚ್ಚಳ ಹಾಕಿಯೇ ಇತ್ತು, ಒಂದು ಹನಿಯನ್ನೂ ಬಾಯಿಗೆ ಬಿಟ್ಟುಕೊಂಡಿರಲಿಲ್ಲ.

ತಿಂದೆ. ಹೇಗಿದೆ ಎಂದು ಕೇಳಿದರು. ಉಪ್ಪು ಕಡಿಮೆ ಅಂದೆ. ಜೀರಿಗೆ? ಜೀರಿಗೆ ಸರಿ ಇದೆ, ಉಪ್ಪು ಕಡಿಮೆ. ಉಪ್ಪಿನ ಡಬ್ಬಿ ನನ್ನ ಕಡೆ ತಳ್ಳಿದರು. ಹಾಕಿಕೊಂಡು ಮುಗಿಸಿದೆ.

ನಾಳೆ ಈ ಹೊತ್ತಿಗೆ ನಿಮ್ಮ ಮನೆ ಬಾಗಿಲು ಬಡಿಯುತ್ತೇನೆ, ತೆಗೆದರೆ ಆಮೇಲೆ ನಾನು ತಿನ್ನುತ್ತೇನೆ ಅಂದರು. ಸರಿ ಅಂದೆ.

ಸಂಜೆ ಕೋಟಿನ ಒಳಪದರ ಮತ್ತೆ ಹರಿದಿರುವುದು ಕಂಡಿತು. ಬಟಾಣಿ ಬಳ್ಳಿಗೆ ಕಡ್ಡಿ ಊರಿದೆ.

ಮೇ 20, ಬುಧವಾರ

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆಗೆದೆ.

ಹೆದ್ವಿಕಾ, ಪಕ್ಕದಲ್ಲಿ ಬ್ರೋಕ್. ಬೆಳಕಿಗೆ ಬನ್ನಿ ಅಂದರು. ಬಂದೆ. ಕಣ್ಣಿನ ಬಿಳಿಭಾಗ ನೋಡಿದರು, ಮುಖ ನೋಡಿದರು, ಆತುರವಿಲ್ಲದೆ ಪಾದದವರೆಗೂ ನೋಡಿದರು.

"ಸರಿ. ಹೋಗಿ ಉಪ್ಪು ಹಾಕ್ಕೊಂಡು ತಿಂತೀನಿ" ಅಂದರು.